ನೋಟ್‌ಬುಕ್ಕಿನ ಎಂಟನೆಯ ಆಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ 'ಶಾಲೆಯ ನೆನಪುಗಳು'. ಹದಿನೈದು ನಿಮಿಷ ಎಂದಿದ್ದಾರೆ. ನನಗಿಂತ ಮೊದಲು ಮಾತನಾಡಿದವರು ರನ್ನ ಕವಿಯಿಂದ ಹಿಡಿದು ನಮ್ಮ ಊರಿನ ನಾಯಿಯವರೆಗೆ ಮುಧೋಳದ ಕೀರ್ತಿಯನ್ನೆಲ್ಲ ಹೇಳಿ ಮುಗಿಸಿದ್ದಾರೆ. ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿ, ಹತ್ತಾರು ಊರು ತಿರುಗಿ ಬಂದವನು ನಾನು. ಹೋದಲ್ಲೆಲ್ಲ 'ಮುಧೋಳದವರಾ? ಒಂದು ನಾಯಿಮರಿ ಕೊಡಿಸ್ರಿ' ಎಂದವರೇ ಹೆಚ್ಚು. ಆದ್ದರಿಂದ ಅದನ್ನು ಬಿಟ್ಟು, ನಾನು ಒಂದೇ ಒಂದು ನೆನಪು ಹೇಳುತ್ತೇನೆ. ಅದು ಒಂದು ಚದುರಂಗದ ಆಟ. 1979ರ ಜನವರಿಯಲ್ಲಿ, ಆಗಿನ ವಿಜ್ಞಾನ ಪ್ರಯೋಗಾಲಯದ ಕಲ್ಲಿನ ಮೇಜಿನ ಮೇಲೆ, ನಾನು ಮತ್ತು ನನ್ನ ಗೆಳೆಯ ಆಡಿದ ಆಟ. ಗೆಳೆಯನ ಹೆಸರು ಹೇಳುವುದಿಲ್ಲ. ಹೇಳಬಾರದೆಂದು ಅವನೇ ತಾಕೀತು ಮಾಡಿದ್ದಾನೆ.

ಆ ಕಾಲದಲ್ಲಿ ನಮ್ಮ ಕಡೆ ಚದುರಂಗ ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಬಿಟ್ಟರೆ ಯಾರೂ ಆಡುತ್ತಿರಲಿಲ್ಲ. ನಮಗದು ಬುದ್ಧಿಬಳ. ಮಂತ್ರಿ ಎಂದರೆ ವಜೀರ, ಕಾಲಾಳು ಎಂದರೆ ಪ್ಯಾದಿ. ಸಂಸ್ಥಾನದ ಕಾಲದ ಮರಾಠಿ ಇನ್ನೂ ನಾಲಿಗೆಯ ಮೇಲಿತ್ತು. ಸಾಂಗಲಿಗೂ ನಮಗೂ ಕೊಡುಕೊಳ್ಳುವುದು ಬಹಳ. ಅಲ್ಲಿಯ ನೂತನ ಬುದ್ಧಿಬಳ ಮಂಡಳದ ಪಂದ್ಯಗಳ ಸುದ್ದಿಯೂ ಬೆಲ್ಲದ ವ್ಯಾಪಾರಿಗಳ ಬಾಯಲ್ಲಿ ಇಲ್ಲಿಗೆ ಬರುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಆಡುತ್ತಿದ್ದುದು ದೇಶೀ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಕೋಟೆ ಕಟ್ಟುವ ನಡೆ ಇಲ್ಲ. ಅದರ ಬದಲು ರಾಜ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ನಾವು ಶಾಲೆಯಲ್ಲಿ ಕಲಿತ ಆಟವನ್ನು ಕಟ್ಟೆಯ ಮೇಲೆ ಆಡಲು ಹೋದರೆ ಒಬ್ಬ ಅಜ್ಜ ಗದರಿಸುತ್ತಿದ್ದರು: 'ಏ ತಮ್ಮಾ, ಪ್ಯಾದಿ ಎರಡ ಮನಿ ಹೆಂಗ ಜಿಗೀತದೋ? ಅದೇನ ಕುದರೀ ಮರೀ ಏನು?'

ಅಜ್ಜನ ಆ ಆಟ ಹಳ್ಳಿಯ ಆಟ, ಹಿಂದುಳಿದ ಆಟ ಎಂದು ನಾವು ಆಗ ತಿಳಿದಿದ್ದೆವು. ನಿಜ ಬೇರೆಯೇ ಇತ್ತು. ಕಾಲಾಳು ಒಂದೊಂದೇ ಮನೆ ನಡೆಯುವ ಆಟದಲ್ಲಿ ಪಟದ ನಡುವೆ ನುಗ್ಗಲು ಆಗುವುದಿಲ್ಲ. ಅದಕ್ಕೇ ನಮ್ಮವರು ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಒಂಟೆಯನ್ನು ಆ ಸಂದಿನಲ್ಲಿ ಕೂಡಿಸಿ, ದೂರದಿಂದಲೇ ಓರೆಯಾಗಿ ಇಡೀ ಪಟವನ್ನು ಕಾಯುತ್ತಿದ್ದರು. 19ನೆಯ ಶತಮಾನದ ನಡುವೆ ಕಲಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬುವರು ಜಾನ್ ಕಾಕ್ರೇನ್ ಎಂಬ ಬ್ಯಾರಿಸ್ಟರ್ ಜೊತೆ ಹೀಗೆಯೇ ಆಡುತ್ತಿದ್ದರು. ಯೂರೋಪಿನವರಿಗೆ ಅದು ವಿಚಿತ್ರವಾಗಿ ಕಂಡಿತು. ಇಂದು ಜಗತ್ತಿನ ದೊಡ್ಡ ಆಟಗಾರರೆಲ್ಲ ಆಡುವ 'ಇಂಡಿಯನ್' ಎಂಬ ಹೆಸರಿನ ಆರಂಭಗಳಿಗೆ ಆ ಹೆಸರು ಬಂದದ್ದು ಅಲ್ಲಿಂದ. ಕಟ್ಟೆಯ ಅಜ್ಜನಿಗೆ ಇದು ಗೊತ್ತಾಗಿದ್ದರೆ ನಮ್ಮನ್ನು ಇನ್ನೂ ಎರಡು ಮಾತು ಹೆಚ್ಚು ಬೈಯುತ್ತಿದ್ದರೇನೋ.

ಶಾಲೆಯಲ್ಲಿ ನಮಗೆ ಅಂತರರಾಷ್ಟ್ರೀಯ ಪದ್ಧತಿಯ ಆಟ ಕಲಿಸಿದವರು ಗಣಿತದ ಸರ್. ನಾವು ಅವರನ್ನು ಹಾಗೆಯೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಬೀಗ ತೆಗೆದು ಎರಡು ಪಟ ಹಾಸುತ್ತಿದ್ದರು. ಎರಡು ಪಟಕ್ಕೆ ಸೇರಿ ಕಾಯಿಗಳು ಒಂದೂವರೆ ಜೊತೆ ಇದ್ದವು. ಕಡಿಮೆ ಬಿದ್ದದ್ದಕ್ಕೆ ಸೀಮೆಸುಣ್ಣದ ತುಂಡು, ಔಷಧಿ ಬಾಟಲಿಯ ಬಿರಡೆ. ನನ್ನ ಗೆಳೆಯ ಘಟಪ್ರಭೆಯ ದಂಡೆಯ ಹಳ್ಳಿಯವನು, ನಡೆದು ಬರುತ್ತಿದ್ದ. ಗಾಣದ ಹಂಗಾಮಿನಲ್ಲಿ ರಾತ್ರಿ ಅಪ್ಪನ ಜೊತೆ ಬೆಲ್ಲದ ಒಲೆಗೆ ರವದಿ ಹಾಕಿ, ಬೆಳಿಗ್ಗೆ ಶಾಲೆಗೆ ಬಂದು, ಎರಡನೆಯ ಪೀರಿಯಡ್ಡಿನಲ್ಲಿ ನಿದ್ದೆ ಹೋಗುತ್ತಿದ್ದ. ಆದರೆ ಪಟದ ಮುಂದೆ ಅವನ ಕಣ್ಣು ಮುಚ್ಚಿದ್ದನ್ನು ನಾನು ನೋಡಿಲ್ಲ. ನಾವಿಬ್ಬರೂ ಸರಿಸಮ. ಈ ಶನಿವಾರ ನಾನು ಗೆದ್ದರೆ ಮುಂದಿನ ಶನಿವಾರ ಅವನು.

ಸರ್ ಹತ್ತಿರ ಒಂದು ನೋಟ್‌ಬುಕ್ಕು ಇತ್ತು. 1972ರಲ್ಲಿ ಐಸ್‌ಲ್ಯಾಂಡಿನ ರೆಕ್ಯಾವಿಕ್‌ನಲ್ಲಿ ಅಮೆರಿಕದ ಬಾಬಿ ಫಿಶರ್ ಮತ್ತು ರಷ್ಯದ ಬೋರಿಸ್ ಸ್ಪಾಸ್ಕಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡಿದರಲ್ಲ, ಆ 20 ಆಟಗಳನ್ನೂ ಸರ್ ಪತ್ರಿಕೆಗಳಿಂದ ನೋಡಿ ಬರೆದುಕೊಂಡಿದ್ದರು. ಫಿಶರ್ ಮೊದಲ ಆಟ ಸೋತ, ಎರಡನೆಯ ಆಟಕ್ಕೆ ಬರಲೇ ಇಲ್ಲ, ಆಮೇಲೆ ಹನ್ನೆರಡೂವರೆ–ಎಂಟೂವರೆ ಅಂಕದಿಂದ ಗೆದ್ದ. ಈ ಕಥೆಯನ್ನು ಸರ್ ಭಿನ್ನರಾಶಿ ಕಲಿಸುವಾಗ ಹೇಳಿದ್ದರು. ಅರ್ಧ ಅಂಕ ಎಲ್ಲಿಂದ ಬರುತ್ತದೆ ಎಂದು ನಾವು ಕೇಳಿದಾಗ ಡ್ರಾ ಎಂದರೇನು ಎಂದು ತಿಳಿಯಿತು.

ಡಿಸೆಂಬರ್ ತಿಂಗಳಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯ ಸುತ್ತೋಲೆ ಬಂತು. ಆಗ ನಮ್ಮದು ಬಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಶಾಲೆಯಿಂದ ಒಬ್ಬನನ್ನು ಕಳಿಸಬಹುದು. ಸರ್ ನಮ್ಮಿಬ್ಬರನ್ನೂ ಕರೆದರು. 'ಜನವರಿಯಲ್ಲಿ ನೀವಿಬ್ರೂ ಒಂದು ಆಟ ಆಡ್ರಿ. ಗೆದ್ದಾಂವ ಬಿಜಾಪುರಕ್ಕ. ಅಲ್ಲೀತನಕ ಇದನ್ನ ಇಬ್ರೂ ಓದ್ರಿ' ಎಂದು ನೋಟ್‌ಬುಕ್ಕನ್ನು ಕೊಟ್ಟರು. ಸರ್ ಚಾಚಿದಾಗ ಕೈ ಮುಂದೆ ಮಾಡಿದವನು ನಾನು. ಮೊದಲು ನಾನು ಓದಿ ಅವನಿಗೆ ಕೊಡುವುದು ಎಂದು ಮಾತಾಯಿತು.

ಆ ನೋಟ್‌ಬುಕ್ಕಿನ ಎಂಟನೆಯ ಆಟವನ್ನು ಮೊದಲ ಸಲ ನೋಡಿದಾಗ ಸರ್ ತಪ್ಪು ಬರೆದಿದ್ದಾರೆ ಎಂದುಕೊಂಡೆ. ಮಕ್ಕಳೇ, ಈಗ ನೀವು ಮನೆಗಳನ್ನು ಎ1, ಸಿ4 ಎಂದು ಗುರುತಿಸುತ್ತೀರಿ. ಬಿಳಿಯವನ ಎಡಗೈ ಮೂಲೆ ಎ1. ಅಲ್ಲಿಂದ ಬಲಕ್ಕೆ ಎಚ್ ತನಕ ಅಕ್ಷರ, ಮುಂದಕ್ಕೆ 8ರ ತನಕ ಅಂಕಿ. ಆಗಿನ ಪತ್ರಿಕೆಗಳಲ್ಲಿ ಹಳೆಯ ಪದ್ಧತಿ. ಅದರಲ್ಲಿ ಬಿಳಿಯವನೂ ಕರಿಯವನೂ ತಮ್ಮ ತಮ್ಮ ಕಡೆಯಿಂದಲೇ ಮನೆ ಎಣಿಸುತ್ತಾರೆ. ಬಿಳಿಯವನ 'ಪಿ–ಕ್ಯೂಬಿ4' ಎಂದರೆ ಮಂತ್ರಿಯ ಬದಿಯ ಒಂಟೆಯ ಮುಂದಿನ ಕಾಲಾಳು ನಾಲ್ಕನೆಯ ಮನೆಗೆ. ಕರಿಯವನೂ ಅದನ್ನೇ ಆಡಿದರೆ ಅವನದೂ 'ಪಿ–ಕ್ಯೂಬಿ4'. ಎಂಟನೆಯ ಆಟದಲ್ಲಿ ಮೊದಲ ಆರು ಸಾಲು ಎಡಕ್ಕೂ ಬಲಕ್ಕೂ ಅಕ್ಷರಶಃ ಒಂದೇ. ಕಾಲಾಳಿಗೆ ಕಾಲಾಳು, ಎರಡೂ ಕುದುರೆಗೆ ಎರಡೂ ಕುದುರೆ, ಮೂಲೆಯ ಸಂದಿನ ಒಂಟೆಗೆ ಒಂಟೆ, ಕೋಟೆಗೆ ಕೋಟೆ. ಪಟದ ನಡುವೆ ಒಂದು ಕನ್ನಡಿ ಇಟ್ಟ ಹಾಗೆ.

ಇದಕ್ಕೆ ಇಂಗ್ಲಿಷ್ ಓಪನಿಂಗ್ ಎನ್ನುತ್ತಾರೆ. 1843ರಲ್ಲಿ ಇಂಗ್ಲೆಂಡಿನ ಹೊವಾರ್ಡ್ ಸ್ಟಾಂಟನ್ ಪ್ಯಾರಿಸ್ಸಿನಲ್ಲಿ ಸೇಂಟ್ ಅಮಾಂಟ್ ಎಂಬ ಫ್ರೆಂಚ್ ಆಟಗಾರನ ವಿರುದ್ಧ ಆಡಿದ್ದರಿಂದ ಆ ಹೆಸರು. ನಡುವಿನ ಕಾಲಾಳನ್ನು ಮುಟ್ಟದೆ ಪಕ್ಕದಿಂದ ಶುರು ಮಾಡುವ ಆಟ. ಕರಿಯವನೂ ಅದನ್ನೇ ಮಾಡಿದರೆ ಅದು ಸಮರೂಪದ ಇಂಗ್ಲಿಷ್. ಹಾಗಾದರೆ ಕೊನೆಯ ತನಕ ನಕಲು ಮಾಡುತ್ತಾ ಹೋದರೆ ಸೋಲುವುದೇ ಇಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಸರ್ ಹಲಗೆಯ ಮೇಲೆ ತೋರಿಸಿದ್ದರು: ಬಿಳಿಯವನ ಕೈಯಲ್ಲಿ ಯಾವಾಗಲೂ ಒಂದು ನಡೆ ಹೆಚ್ಚಿಗೆ ಇರುತ್ತದೆ. ಅವನು ಮೊದಲು ಹೊಡೆದರೆ, ಮೊದಲು ರಾಜನಿಗೆ ಶಹ ಕೊಟ್ಟರೆ, ಎದುರಿನವನು ಅದಕ್ಕೆ ಉತ್ತರ ಕೊಡಬೇಕೇ ಹೊರತು ನಕಲು ಮಾಡುವಂತಿಲ್ಲ. ನೋಟ್‌ಬುಕ್ಕಿನಲ್ಲಿ ಏಳನೆಯ ಸಾಲಿಗೆ ಕನ್ನಡಿ ಒಡೆಯುತ್ತದೆ. ಫಿಶರ್ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ಹಾಕುತ್ತಾನೆ, ಸ್ಪಾಸ್ಕಿ ಅದನ್ನು ಹೊಡೆಯುತ್ತಾನೆ.

ಅಲ್ಲಿಂದ ಮುಂದೆ ಸ್ಪಾಸ್ಕಿ ತನ್ನದೇ ಒಂದು ಯೋಜನೆ ಹಾಕುತ್ತಾನೆ. ಒಂದು ಆನೆಯನ್ನು ಬಿ8ಕ್ಕೆ, ಇನ್ನೊಂದನ್ನು ಸಿ8ಕ್ಕೆ ತಂದು, ಎ6 ಮಾಡಿ, ಹದಿನೈದನೆಯ ನಡೆಯಲ್ಲಿ ಬಿ5ಕ್ಕೆ ಕಾಲಾಳನ್ನು ತಳ್ಳುತ್ತಾನೆ. ಈ ಆರಂಭದಲ್ಲಿ ಕರಿಯವನು ಮಾಡಬೇಕಾದ್ದೇ ಅದು. ಆದರೆ ಆ ಕಾಲಾಳು ಸರಿದ ಕೂಡಲೇ ಮೂಲೆಯಲ್ಲಿ ಕಾದು ಕುಳಿತ ಬಿಳಿ ಒಂಟೆಯ ದಾರಿ ಎ8ರ ತನಕ ತೆರೆಯಿತು. ಫಿಶರ್ ಇನ್ನೊಂದು ಒಂಟೆಯನ್ನು ಇ3ರಿಂದ ನೇರ ಎ7ಕ್ಕೆ ಒಯ್ದ. ಬಿ8ರಲ್ಲಿರುವ ಆನೆಗೆ ಹೋಗಲು ಜಾಗವಿಲ್ಲ. ಒಂದು ಪಕ್ಕದಲ್ಲಿ ತನ್ನದೇ ಇನ್ನೊಂದು ಆನೆ, ಉಳಿದ ಮನೆಗಳ ಮೇಲೆಲ್ಲ ಒಂಟೆಗಳ ಕಣ್ಣು. ಒಂಟೆಗೆ ಬದಲಾಗಿ ಆನೆ ಹೋಯಿತು. 37ನೆಯ ನಡೆಗೆ ಆಟ ಮುಗಿಯಿತು, ಫಿಶರ್ 5–3 ಅಂಕದಿಂದ ಮುಂದಾದ. ಸರ್ ಹದಿನಾರನೆಯ ಸಾಲಿನ ಕೆಳಗೆ ಕೆಂಪು ಮಸಿಯಲ್ಲಿ ಎರಡು ಗೆರೆ ಎಳೆದಿದ್ದರು.

ಆ ಕೆಂಪು ಗೆರೆಯನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗೆಳೆಯ ಎರಡು ಸಲ ಕೇಳಿದ. 'ಮುಗೀತೇನೋ?' 'ಇನ್ನೂ ಇಲ್ಲ' ಎಂದೆ. ಮೂರನೆಯ ಸಲ ಅವನು ಕೇಳಲಿಲ್ಲ. ಗಾಣದ ಹಂಗಾಮು ಜೋರಾಗಿತ್ತು, ಅವನಿಗೂ ಪುರುಸೊತ್ತು ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪುರುಸೊತ್ತು ಇದ್ದರೂ ಕೊಡುತ್ತಿರಲಿಲ್ಲ.

ಆಟದ ದಿನ ಚೀಟಿ ಎತ್ತಿದಾಗ ನನಗೆ ಬಿಳಿ ಕಾಯಿ ಬಂದವು. ನಾನು ಸಿ4 ಆಡಿದೆ. ಅವನು ನಕ್ಕ. 'ನೀ ಏನ ಮಾಡ್ತಿ, ಅದನ್ನ ನಾ ಮಾಡ್ತೀನಿ. ಸೋಲೂದ ಹೆಂಗ?' ಎಂದು ಸಿ5 ಆಡಿದ. ಸುತ್ತ ನಿಂತವರೂ ನಕ್ಕರು. ಆರು ನಡೆಯ ತನಕ ಹಾಗೆಯೇ ನಡೆಯಿತು. ಏಳರಲ್ಲಿ ನಾನು ಡಿ4 ಮಾಡಿದೆ. ಅವನು ನಕಲು ಮಾಡಲು ಕೈ ಚಾಚಿ, ತಡೆದು, ಲೆಕ್ಕ ಹಾಕಿ, ಹೊಡೆದ. ಕುದುರೆಗಳು ಒಂದೊಂದು ಹೋದವು. ಆಮೇಲೆ ಮತ್ತೆ ಅದೇ ತಮಾಷೆ: ನನ್ನ ಒಂಟೆ ಇ3ಕ್ಕೆ ಬಂದರೆ ಅವನದು ಇ6ಕ್ಕೆ, ನನ್ನ ಮಂತ್ರಿ ಡಿ2ಕ್ಕೆ ಸರಿದರೆ ಅವನದು ಡಿ7ಕ್ಕೆ. ನಮ್ಮ ಆಟ ನೋಟ್‌ಬುಕ್ಕಿನ ಆಟದಂತೆಯೇ ಏನೂ ಇರಲಿಲ್ಲ. ನಾನು ಮನಸ್ಸಿನಲ್ಲಿ ಕೆಂಪು ಗೆರೆಯನ್ನು ಬಿಟ್ಟುಕೊಟ್ಟು ಬೇರೆ ದಾರಿ ಹುಡುಕತೊಡಗಿದ್ದೆ.

ನಾನು ಮಂತ್ರಿಯ ಬದಿಯ ಆನೆಯನ್ನು ಸಿ1ಕ್ಕೆ ತಂದೆ. ಅವನೂ ಸಿ8ಕ್ಕೆ ಆನೆ ತಂದ, ಆದರೆ ಅದು ರಾಜನ ಕಡೆಯ ಆನೆ. ಸುತ್ತ ನಿಂತವರಿಗೆ ಅದು ನಕಲಿನಲ್ಲಾದ ಸಣ್ಣ ತಪ್ಪಿನಂತೆ ಕಂಡಿರಬೇಕು. ನನಗೆ ಹಾಗೆ ಕಾಣಲಿಲ್ಲ. ಎದೆ ಢವಢವ ಎಂದಿತು. ಮುಂದಿನ ಎರಡು ನಡೆಗಳಲ್ಲಿ ಅವನ ಇನ್ನೊಂದು ಆನೆ ಬಿ8ಕ್ಕೆ ಬಂತು, ಕಾಲಾಳು ಎ6ಕ್ಕೆ ಬಂತು. ಅವನು ನನ್ನನ್ನು ನೋಡಿ ಆಡುತ್ತಿರಲಿಲ್ಲ. ಯಾವ ಪುಸ್ತಕವನ್ನೂ ನೋಡದೆ, ಒಂದು ಗಂಟೆ ಕಾಲ ಕಲ್ಲಿನ ಮೇಜಿಗೆ ಮೊಣಕೈ ಊರಿ ಕುಳಿತು, ವಿಶ್ವ ಚಾಂಪಿಯನ್ ಹಾಕಿದ ಯೋಜನೆಯನ್ನೇ ಅವನು ತನ್ನ ತಲೆಯಿಂದ ತೆಗೆದಿದ್ದ. ಬಿ5 ಆಡಿ ತಲೆ ಎತ್ತಿ ನನ್ನ ಕಡೆ ನೋಡಿದ. ಆ ಮುಖ ನನಗೆ ಇಂದಿಗೂ ಕಾಣುತ್ತದೆ. ಒಳ್ಳೆಯ ನಡೆ ಆಡಿದವನ ಮುಖ.

ನಾನು ಒಂದು ಕ್ಷಣವೂ ಯೋಚಿಸದೆ ಒಂಟೆಯನ್ನು ಎ7ಕ್ಕೆ ಇಟ್ಟೆ. ಯೋಚಿಸಿದ ಹಾಗಾದರೂ ನಟಿಸಬೇಕಿತ್ತು.

ಸರ್ ನನ್ನ ಬೆನ್ನು ತಟ್ಟಲಿಲ್ಲ. ನನ್ನನ್ನು ನೋಡಿದರು, ಅವನನ್ನು ನೋಡಿದರು, 'ನೋಟ್‌ಬುಕ್ಕು ಇಬ್ರೂ ಓದಿದ್ರೇನು?' ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು 'ಹೂಂ ರೀ ಸರ್' ಎಂದುಬಿಟ್ಟ. ಯಾಕೆ ಹಾಗೆಂದ ಎಂದು ನಾನು ಆಗ ಕೇಳಲಿಲ್ಲ.

ಬಿಜಾಪುರಕ್ಕೆ ಹೋದೆ. ಎರಡನೆಯ ಸುತ್ತಿನಲ್ಲಿ ಸೋತೆ. ಗೋಳಗುಮ್ಮಟ ನೋಡಿ ಬಂದೆ. ಆ ಪ್ರವಾಸದ ಬಗ್ಗೆ ಹೇಳಲು ಅಷ್ಟೇ ಇದೆ.

ಅವನು ಆ ಬೇಸಿಗೆಯಲ್ಲಿ ಶಾಲೆ ಬಿಟ್ಟ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಕೆಲಸಕ್ಕೆ ಸೇರಿದ ಎಂದು ಸುದ್ದಿ ಬಂತು. ಆ ಆಟಕ್ಕೂ ಅವನು ಶಾಲೆ ಬಿಟ್ಟಿದ್ದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಸಾಲವಿತ್ತು, ತಂಗಿಯರಿದ್ದರು. ಬಿಜಾಪುರಕ್ಕೆ ಅವನು ಹೋಗಿದ್ದರೂ ಬೇಸಿಗೆಗೆ ಬೆಲ್ಲದ ಪೇಟೆಗೇ ಹೋಗುತ್ತಿದ್ದ. ಆದರೂ ಗೋಳಗುಮ್ಮಟ ನೋಡಿ ಹೋಗುತ್ತಿದ್ದನಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು. ಸರ್‌ಗೂ ವರ್ಗವಾಯಿತು. ನೋಟ್‌ಬುಕ್ಕು ನನ್ನ ಟ್ರಂಕಿನಲ್ಲಿ ಉಳಿಯಿತು. ನೌಕರಿ ಸೇರಿದ ಮೇಲೆ ವರ್ಗವಾದ ಊರಿಗೆಲ್ಲ ನನ್ನ ಜೊತೆ ಅದೂ ಬಂತು. ಪರರ ಕಾಗದಗಳನ್ನು ತಪ್ಪದೆ ತಲುಪಿಸುವುದು ನನ್ನ ಉದ್ಯೋಗವಾಗಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಂಡು ನೀವು ನಗಬಹುದು.

2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಬಂದ ನೀರನ್ನು ಇಲ್ಲಿ ಯಾರೂ ಮರೆತಿಲ್ಲ. ಅಣ್ಣನ ಮನೆಯ ಸ್ಥಿತಿ ನೋಡಲು ಹುಬ್ಬಳ್ಳಿಯಿಂದ ಬಂದಿದ್ದೆ. ನಿರಾಶ್ರಿತರ ಕೇಂದ್ರವೊಂದಕ್ಕೆ ಚಾದರ ಕೊಡಲು ಹೋದಾಗ, ಗೋಡೆಗೆ ಒರಗಿ ಕುಳಿತ ಒಬ್ಬ ಬಿಳಿ ಮೀಸೆಯವನು 'ಏನೋ ಒಂಟೀ' ಎಂದ. ಆ ಆಟದ ನಂತರ ಶಾಲೆಯಲ್ಲಿ ಕೆಲವು ದಿನ ನನಗೆ ಆ ಅಡ್ಡಹೆಸರು ಇತ್ತು. ನಲವತ್ತು ವರ್ಷದ ಮೇಲೆ ಅದನ್ನು ಕೇಳಿದೆ. ಅವನ ಮನೆಯೊಳಗೆ ಎದೆಯುದ್ದ ನೀರು, ಎಮ್ಮೆ ಒಂದು ಹೋಗಿತ್ತು, ಕಬ್ಬು ಮಲಗಿತ್ತು. ನಾನು ಅದನ್ನೆಲ್ಲ ಕೇಳಬೇಕಾದ ಹೊತ್ತಿನಲ್ಲಿ, ಏನಾಯಿತೋ, ನೋಟ್‌ಬುಕ್ಕಿನ ಮಾತು ಎತ್ತಿಬಿಟ್ಟೆ. ನಾನದನ್ನು ಬೇಕೆಂದೇ ಕೊಡಲಿಲ್ಲ, ಅದರಲ್ಲಿ ಅದೇ ಒಂಟೆಯ ನಡೆ ಇತ್ತು, ನಾನು ಹುಡುಕಿದ್ದಲ್ಲ ಎಂದೆ. ಸರ್ ಮುಂದೆ ಹೂಂ ಎಂದು ಯಾಕೆ ಹೇಳಿದೆ ಎಂದೂ ಕೇಳಿದೆ.

ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: 'ಅಂದ್ರ, ಬಿ5 ಆ ಸ್ಪಾಸ್ಕಿನೂ ಆಡಿದ್ನಾ?'

'ಹೂಂ. ಆಗ ಅವನೇ ಜಗತ್ತಿಗೆ ಚಾಂಪಿಯನ್.'

ಅವನು ನಕ್ಕ ನಗೆಗೆ ಚಾದರ ಹೊದ್ದು ಮಲಗಿದ್ದವರು ಎದ್ದು ಕುಳಿತರು. 'ನಲವತ್ತ ವರ್ಷ ನಾ ದಡ್ಡ ಅಂತ ತಿಳಕೊಂಡಿದ್ದೆ ನೋಡು' ಎಂದ. ಹೆಂಡತಿಯನ್ನು ಕರೆದು ಹೇಳಿದ. ಆಕೆಗೆ ಏನೂ ತಿಳಿಯಲಿಲ್ಲ. ಎಮ್ಮೆ ಹೋದ ಮನುಷ್ಯ ಯಾಕೆ ನಗುತ್ತಿದ್ದಾನೆ ಎಂದು ನನ್ನನ್ನೇ ಸಂಶಯದಿಂದ ನೋಡಿದರು.

ಮರುದಿನ ನಾನು ಮತ್ತೆ ಹೋದೆ. ಅವನ ಮೊಮ್ಮಗನ ಮೊಬೈಲಿನಲ್ಲಿ ಪಟ ಇತ್ತು. ಅವನು ನಮ್ಮ ಆಟದ ಕಾಯಿಗಳನ್ನು ಇಟ್ಟುಕೊಂಡು ಕುಳಿತಿದ್ದ, ಒಂದೂ ತಪ್ಪಿಲ್ಲದೆ. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದನಂತೆ. 'ಬಿ5 ಖರೇನ ಐತಿ. ಒಂದ ನಡಿ ಮೊದಲ ಆಡಿದ್ನಿ. ಮೊದಲ ಕುದರೀನ ಜಿ4ಕ್ಕ ಹಾಕಿ ನಿನ್ನ ಒಂಟೀಗಿ ಕೇಳಬೇಕಿತ್ತು, ಇಲ್ಲೇ ಇರ್ತೀಯೊ ಹೋಗ್ತೀಯೊ ಅಂತ. ಅದು ಜಾಗಾ ಬಿಟ್ಟ ಮ್ಯಾಲ ಬಿ5.' ನಾನು ಅವನು ಹೇಳಿದಂತೆ ಆಡಿ ನೋಡಿದೆ. ಒಂಟೆ ಈಗಲೇ ಎ7ಕ್ಕೆ ಹೋದರೆ? ಬಿ7ರ ಕಾಲಾಳು ಇನ್ನೂ ಸರಿದಿಲ್ಲ, ಮೂಲೆಯ ಒಂಟೆಯ ದಾರಿ ಮುಚ್ಚಿದೆ, ಆನೆ ಎ8ಕ್ಕೆ ಬಂದು ಒಂಟೆಯನ್ನೇ ಅಟ್ಟುತ್ತದೆ. ನಲವತ್ತು ವರ್ಷ ಆ ಪುಟವನ್ನು ಇಟ್ಟುಕೊಂಡ ನನಗೆ ಇದು ಹೊಳೆದಿರಲಿಲ್ಲ. ಗೆದ್ದವನು ಆಟವನ್ನು ಮತ್ತೆ ನೋಡುವುದಿಲ್ಲ.

ನಾವು ಆಡುತ್ತಿದ್ದ ಕಾಲಕ್ಕೆ ಭಾರತದಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಕೂಡ ಇರಲಿಲ್ಲ; ವಿಶ್ವನಾಥನ್ ಆನಂದ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲನೆಯವರು 2017ರಲ್ಲಿ ಬಂದರು, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. 2024ರ ಡಿಸೆಂಬರಿನಲ್ಲಿ ಹದಿನೆಂಟು ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಗೆಳೆಯ ಫೋನು ಮಾಡಿದ್ದ. ಹನ್ನೆರಡನೆಯ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ಸಿ4 ಆಡಿಯೇ ಗುಕೇಶನನ್ನು ಸೋಲಿಸಿದ್ದ ಎಂಬುದನ್ನು ಅವನೇ ನನಗೆ ಹೇಳಿದ. 'ನಿನ್ನ ಆಟ ಇನ್ನೂ ನಡದೈತಿ ನೋಡೊ' ಎಂದ.

ಮುಖ್ಯೋಪಾಧ್ಯಾಯರೇ, ಸರ್ ಅವರ ನೋಟ್‌ಬುಕ್ಕು ಇದು. ಸರ್ ಈಗ ಇಲ್ಲ. ಅವರ ಮಗಳನ್ನು ಕೇಳಿದೆ. ಶಾಲೆಗೇ ಕೊಡಿ ಎಂದರು. ರಟ್ಟು ಹೋಗಿದೆ, ಬೈಂಡು ಮಾಡಿಸಿದ್ದೇನೆ. ಎಂಟನೆಯ ಆಟದ ಪುಟದಲ್ಲಿ ಕೆಂಪು ಗೆರೆಯ ಪಕ್ಕಕ್ಕೆ ಪೆನ್ಸಿಲ್ಲಿನಲ್ಲಿ ಎರಡು ಸಾಲು ಕಾಣುತ್ತವೆ. ಅವು ಸರ್ ಬರೆದದ್ದಲ್ಲ, ನಾನು ಬರೆದದ್ದೂ ಅಲ್ಲ. ಗ್ರಂಥಾಲಯದಲ್ಲಿಡುವಾಗ ದಯವಿಟ್ಟು ಅಳಿಸಬೇಡಿ. ಇದರ ಜೊತೆ ಹತ್ತು ಪಟ, ಹತ್ತು ಜೊತೆ ಕಾಯಿಗಳನ್ನೂ ತಂದಿದ್ದೇನೆ. ಎಣಿಸಿ ನೋಡಿದ್ದೇನೆ, ಸೀಮೆಸುಣ್ಣ ಬೇಕಾಗುವುದಿಲ್ಲ.

ಪೆನ್ಸಿಲ್ಲಿನಲ್ಲಿ ಬರೆದವನು ಈ ಸಭೆಯಲ್ಲಿಯೇ, ಮೂರನೆಯ ಸಾಲಿನಲ್ಲಿ ಟೋಪಿ ಹಾಕಿಕೊಂಡು, ನಾನು ಯಾವಾಗ ಮುಗಿಸುತ್ತೇನೆ ಎಂದು ಕೈಗಡಿಯಾರ ನೋಡುತ್ತ ಕುಳಿತಿದ್ದಾನೆ. ಊಟವಾದ ಮೇಲೆ ಹಳೆಯ ಪ್ರಯೋಗಾಲಯದಲ್ಲಿ ಪಟ ಹಾಸಲು ಅನುಮತಿ ಕೇಳಿದ್ದೇವೆ. ನೋಡಲು ಬರುವ ಮಕ್ಕಳು ಬರಬಹುದು, ಗದ್ದಲ ಮಾಡಬಾರದು. ಈ ಸಲ ಬಿಳಿ ಕಾಯಿ ಅವನವು.